ಪರದೆಯಾಚೆಯ ಗೆಳೆತನ

ಕೋಲಾರದ ಕಾಲೇಜುಗಳಲ್ಲಿ ಜೊತೆಯಾಗಿ ಓದಿದ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ವಿದ್ಯಾರ್ಥಿಗಳು ಪದವಿ ಮುಗಿದೊಡನೆ ಚದುರಿಹೋಗುತ್ತಾರೆ. ಒಬ್ಬರು ಬೆಂಗಳೂರಿಗೆ, ಇನ್ನೊಬ್ಬರು ಕೊಲ್ಲಿ ರಾಷ್ಟ್ರಕ್ಕೆ, ಮತ್ತೊಬ್ಬಳು ಅತ್ತೆಮನೆಗೆ. 2018ರಲ್ಲಿ ವಾಟ್ಸ್‌ಆ್ಯಪ್ ನಾಲ್ವರಿಗೆ ತೆರೆದ ಗುಂಪು ವೀಡಿಯೊ ಕರೆ, 2020ರ ಲಾಕ್‌ಡೌನ್ ವೇಳೆ ಎಂಟು ಮಂದಿಗೆ ವಿಸ್ತರಿಸಿತು. ಕಾಲೇಜುಗಳ ಬಾಗಿಲು ಮುಚ್ಚಿದ್ದ ಆ ದಿನಗಳ ಅಭ್ಯಾಸ ಇಂದಿಗೂ ಉಳಿದಿದೆ.

ಇದನ್ನು ಕಂಡೊಡನೆ ಮಗಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ನಾವು, ಮಗ ಮಧ್ಯರಾತ್ರಿಯವರೆಗೆ ಯಾರೊಂದಿಗೆ ಮಾತನಾಡುತ್ತಾನೆಂದು ಎಂದಾದರೂ ವಿಚಾರಿಸಿದ್ದೇವೆಯೇ? ದೃಷ್ಟಿ ತಗ್ಗಿಸಬೇಕೆಂಬ ಆದೇಶವನ್ನು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವು ಮೊದಲು ಪುರುಷರಿಗೆ, ಅನಂತರ ಸ್ತ್ರೀಯರಿಗೆ ನೀಡಿದೆ. ಶಿಸ್ತು ಇಬ್ಬರಿಗೂ ಒಂದೇ ಆಗಿರಲಿ.

2022ರ ಹಿಜಾಬ್ ವಿವಾದದ ವೇಳೆ ಹೆಣ್ಣುಮಕ್ಕಳ ಶಿಕ್ಷಣದ ಹಕ್ಕಿಗಾಗಿ ನಾವು ದನಿಯೆತ್ತಿದೆವು. ಸರಕಾರದ ಮುಂದೆ ಕೇಳಿದ ಹಕ್ಕನ್ನು ಮನೆಯೊಳಗೆ ನಾವೇ ಕಸಿದುಕೊಂಡರೆ ಹೇಗೆ? ಮದುವೆಯಾಗಿ ಓದು ನಿಲ್ಲಿಸಿದವಳಿಗೆ ಬಿ.ಎಡ್. ಅರ್ಜಿಯ ಸುದ್ದಿ ಮುಟ್ಟಿಸುವವರು, ನೊಂದಾಗ ಧೈರ್ಯ ತುಂಬುವವರು ಹಳೆಯ ಸಹಪಾಠಿಗಳೇ ಅಲ್ಲವೇ?

ಯುವಜನರೂ ಆತ್ಮಾವಲೋಕನ ಮಾಡಿಕೊಳ್ಳಬೇಕು. ಒಪ್ಪಿಗೆಯಿಲ್ಲದೆ ಗೆಳೆಯರ ಮುಖವನ್ನು ಚಿತ್ರೀಕರಿಸಿ ಹಂಚುವುದು ಅಮಾನತ್ತಿಗೆ ಬಗೆಯುವ ದ್ರೋಹ. ಫಜ್ರ್ ನಮಾಝ್ ತಪ್ಪಿಸುವ ಹರಟೆ, ಕರೆಯಲ್ಲಿ ಇಲ್ಲದವರ ಪರದೂಷಣೆ ಗೆಳೆತನವಲ್ಲ. ಮುಳಬಾಗಿಲಿನ ಗೆಳೆಯ ಕಾಯಿಲೆ ಬಿದ್ದರೆ, ಅವನ ಮನೆಯಲ್ಲಿ ಮರಣ ಸಂಭವಿಸಿದರೆ ಕೋಲಾರದಿಂದ ಪರದೆಯಲ್ಲಿ ಮುಖ ತೋರಿದರೆ ಸಾಲದು, ಬಸ್ಸು ಹತ್ತಬೇಕು.

ಮೊಬೈಲ್ ಕಿತ್ತುಕೊಳ್ಳುವ ಮುನ್ನ ಮಕ್ಕಳ ಪಕ್ಕದಲ್ಲಿ ಕುಳಿತು, ಅವರ ಗೆಳೆಯರಿಗೆ ನಾವೂ ಒಂದು ಸಲಾಮ್ ಹೇಳೋಣ. ಪರಿಚಯವಿದ್ದಲ್ಲಿ ಸಂಶಯಕ್ಕೆ ಎಡೆಯಿರುವುದಿಲ್ಲ.