ಮುಟ್ಟು ನಿಲ್ಲುವ ಮುನ್ನ

ಉಡುತಡಿಯ ಕಡೆ ಸುಗ್ಗಿಯ ಚಳಿರಾತ್ರಿಯಲ್ಲಿ ಅಡಿಕೆ ಸುಲಿಯುತ್ತ ಕೂತ 45ರ ಹೆಣ್ಣುಮಗಳು ಇದ್ದಕ್ಕಿದ್ದಂತೆ ಬೆವರುತ್ತಾಳೆ. ಸೆರಗಿನಿಂದ ಕತ್ತು ಒರೆಸಿಕೊಂಡು ಮತ್ತೆ ಮೆಟ್ಟುಗತ್ತಿಯತ್ತ ಬಾಗುತ್ತಾಳೆ, ಯಾರಿಗೂ ಹೇಳುವುದಿಲ್ಲ. ಇದು ರೋಗವಲ್ಲ. ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷ ಈಸ್ಟ್ರೋಜೆನ್ ಎಂಬ ಹಾರ್ಮೋನು ಏರಿಳಿಯುತ್ತದೆ; ಈ ಬೆವರು ಅದರಿಂದ. ನಿದ್ದೆ ಕೆಡುತ್ತದೆ, ಸಿಟ್ಟು ಬರುತ್ತದೆ, ಮುಟ್ಟಿನ ಲೆಕ್ಕ ತಪ್ಪುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿಂತಿತೆಂದು ಅರ್ಥ. ಆಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಅದಕ್ಕೂ ಮೊದಲು ವಿಪರೀತ ಸ್ರಾವವಾದರೆ ‘ವಯಸ್ಸಿನದು’ ಎಂದು ಸುಮ್ಮನಿರಬಾರದು. ಹಾಗೆಂದು ಗರ್ಭಕೋಶ ತೆಗೆಸುವ ಅವಸರವೂ ಬೇಡ. ಎಷ್ಟೋ ಸಲ ಔಷಧಿಯಲ್ಲೇ ಹತೋಟಿಗೆ ಬರುತ್ತದೆ. ದೇಹದ ಮಾತನ್ನು 12ನೇ ಶತಮಾನದಲ್ಲೇ ಅಂಜದೆ ಆಡಿದ ಅಕ್ಕಮಹಾದೇವಿ ಹುಟ್ಟಿದ ಊರು ಈ ಉಡುತಡಿ. ಮನೆಯವರೇ, ಶಿಕಾರಿಪುರದ ಸರ್ಕಾರಿ ಆಸ್ಪತ್ರೆಗೆ ಒಮ್ಮೆ ಅವಳ ಜೊತೆ ಹೋಗಿಬನ್ನಿ.