ಎತ್ತರ ಹೆಚ್ಚಿದರೆ ಜಾಗ ಹೆಚ್ಚೇ?

ಸಂಸ್ಥೆಯ ಹೆಸರಿನಲ್ಲಿ ಕಾರು ಕೊಳ್ಳುವ ವರ್ತಕರು ಸೆಡಾನ್ ಬಿಟ್ಟು ಎಸ್‌ಯುವಿಯತ್ತ ವಾಲಲು, ಅದರೊಳಗೆ ಜಾಗ ಹೆಚ್ಚೆಂಬ ನಂಬಿಕೆಯೂ ಒಂದು ಕಾರಣ. ಅಳತೆಗೆ ಇಳಿದರೆ ಈ ನಂಬಿಕೆ ಅರ್ಧವಷ್ಟೇ ನಿಲ್ಲುತ್ತದೆ. ಮಾರುತಿ ಡಿಜೈರ್, ಟಾಟಾ ನೆಕ್ಸಾನ್ ಎರಡರ ಉದ್ದವೂ 3,995 ಮಿ.ಮೀ. ಸಣ್ಣ ಕಾರಿಗಿರುವ ಶೇ. 18ರ ಜಿಎಸ್‌ಟಿ ದೊರೆಯಬೇಕಾದರೆ ಉದ್ದವು ನಾಲ್ಕು ಮೀಟರ್ ಮೀರುವಂತಿಲ್ಲ. ನೆಕ್ಸಾನ್ ಸುಮಾರು 95 ಮಿ.ಮೀ. ಎತ್ತರ, 70 ಮಿ.ಮೀ. ಅಗಲ ಹೆಚ್ಚು. ಹಿಂದೆ ಮೂವರು ಕುಳಿತಾಗ ಭುಜಗಳಿಗೆ ಈ ಅಗಲ ಒದಗೀತು. ಆದರೆ ಎತ್ತರದಿಂದ ಕಾಲು ಚಾಚಲು ಜಾಗ ಹುಟ್ಟದು.

ಎತ್ತರದ ಆಸನದ ನಿಜವಾದ ಲಾಭ ಹತ್ತಿಳಿಯುವಾಗಿನದು. ಮಂಡಿನೋವಿನ ಹಿರಿಯ ಪಾಲುದಾರರು ಸೆಡಾನಿನಲ್ಲಿ ಕುಸಿದು ಕುಳಿತು, ಕೈಯೂರಿ ಏಳಬೇಕು. ಅಂಥವರಿಗೆ ಎಸ್‌ಯುವಿ ಆಡಂಬರವಲ್ಲ. ಆದರೆ ದಿನವಿಡೀ ಊರೂರು ಸುತ್ತುವವರಿಗೆ ತೊಡೆಗೆ ಪೂರ್ಣ ಆಧಾರ ನೀಡುವ ಆಸನವೇ ಮುಖ್ಯ. ಅದು ವರ್ಗದಿಂದಲ್ಲ, ಮಾದರಿಯಿಂದ ಮಾದರಿಗೆ ಬದಲಾಗುತ್ತದೆ.

ಕಚೇರಿಯ ಓಡಾಟಕ್ಕೆ ಕೊಂಡ, ಚಾಲಕನೂ ಸೇರಿ 13 ಆಸನಗಳವರೆಗಿನ ವಾಹನಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಹೆಚ್ಚುವರಿ ಬೆಲೆಯೊಡನೆ ಅದರ ತೆರಿಗೆಯೂ ದುಡಿಯುವ ಬಂಡವಾಳದಿಂದಲೇ ಹೋಗುತ್ತದೆ. ಮುಂಗಡ ಕೊಡುವ ಮುನ್ನ ಹಿರಿಯರನ್ನು ಹಿಂದಿನ ಆಸನದಲ್ಲಿ ಅರ್ಧ ಗಂಟೆ ಕೂರಿಸಿ ಓಡಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ.