ಒಂದು ಮನೆ, ಎರಡು ಕಂಪ್ಯೂಟರ್: ಕೊಂಡ ಆಟ ಯಾರದ್ದು?

ಕಳೆದ ದೀಪಾವಳಿಗೆ ಮಕ್ಕಳಿಬ್ಬರೂ ಪಟಾಕಿ ಬೇಡ ಅಂದರು. ಬದಲಿಗೆ ಒಂದು ಕಂಪ್ಯೂಟರ್ ಆಟ ಬೇಕಿತ್ತು. ಎರಡು ಸಾವಿರ ಚಿಲ್ಲರೆ ರೂಪಾಯಿ. ಕೊಡಿಸಿದೆ. ಮನೆಯಲ್ಲಿ ಎರಡು ಕಂಪ್ಯೂಟರ್‌ಗಳಿವೆ: ಹಾಲ್‌ನಲ್ಲಿ ನನ್ನ ಹಳೆಯ ಡೆಸ್ಕ್‌ಟಾಪ್, ಮಗಳ ಕೋಣೆಯಲ್ಲಿ ಪಿಯುಸಿಗೆ ಸೇರಿದಾಗ ಕೊಂಡ ಲ್ಯಾಪ್‌ಟಾಪ್. ಹಬ್ಬದ ಮಾರನೆಯ ಸಂಜೆ ಮಗಳು ಕೋಣೆಯಲ್ಲಿ ಹೊಸ ಆಟ ಆಡುತ್ತಿದ್ದಳು. ಅದು ಗೊತ್ತಿಲ್ಲದೆ ಮಗ ಹಾಲ್‌ನಲ್ಲಿ ಕೂತು, ಅದೇ ಖಾತೆಯಲ್ಲಿದ್ದ ಬೇರೊಂದು ಹಳೆಯ ಆಟ ತೆರೆದ. ಅದಕ್ಕೂ ಎರಡು ವರ್ಷದ ಹಿಂದೆ ದುಡ್ಡು ಕೊಟ್ಟಿದ್ದೆ. ಅವನ ಆಟ ಶುರುವಾಯಿತು, ಅವಳ ಆಟ ನಿಂತುಹೋಯಿತು. ಖಾತೆ ಬೇರೆ ಕಡೆ ಬಳಕೆಯಲ್ಲಿದೆ ಅಂತ ಪರದೆಯ ಮೇಲೆ ಒಂದು ಸೂಚನೆ. ಒಂದು ಗಂಟೆ ಆಡಿದ್ದನ್ನು ಅವಳು ಉಳಿಸಿಕೊಂಡಿರಲಿಲ್ಲ. ಆಮೇಲೆ ನಡೆದ ಜಗಳ ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಬಿಡಿಸಲು ಹೋದ ನನ್ನನ್ನು ಮಗ ಕೇಳಿದ: “ಅಪ್ಪಾ, ಎರಡಕ್ಕೂ ದುಡ್ಡು ಕೊಟ್ಟಿದ್ದೀಯ ತಾನೆ? ಮತ್ತೆ ಯಾಕೆ?”

ನಾನು ಓದು ಬರಹದಲ್ಲಿ ಹೊತ್ತು ಕಳೆಯುವವನು, ಆಟದವನಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಾಲ್‌ನ ಗೋಡೆಗೇ ನನ್ನ ಪುಸ್ತಕದ ಕಪಾಟಿದೆ. ಮಗಳು ಅದರಿಂದ ಒಂದು ಕಾದಂಬರಿ ಒಯ್ದು ಕೋಣೆಯಲ್ಲಿ ಓದುತ್ತಿರುವಾಗ ಮಗ ಇನ್ನೊಂದು ಪುಸ್ತಕ ತೆಗೆದರೆ ಅವಳ ಕೈಯಲ್ಲಿದ್ದದ್ದು ಪಟ್ಟನೆ ಮುಚ್ಚಿಕೊಳ್ಳುತ್ತದೆಯೇ? ಪುಸ್ತಕದ ವಿಷಯದಲ್ಲಿ ಹುಚ್ಚು ಮಾತೆನಿಸುವುದು ಆಟದ ವಿಷಯದಲ್ಲಿ ನಿಯಮ. ನಾನು ಕೊಂಡ ಅಂಗಡಿಯ ಹೆಸರು ಇಲ್ಲಿ ಮುಖ್ಯವಲ್ಲ. ಈ ರೋಗ ಇಡೀ ವ್ಯಾಪಾರಕ್ಕೆ ಅಂಟಿದ್ದು.

ಆಟದ ಅಂಗಡಿಗಳಲ್ಲಿ ಒತ್ತುವ ಗುಂಡಿಯ ಮೇಲೆ ‘ಕೊಳ್ಳಿ’ ಎಂದಿರುತ್ತದೆ. ಒತ್ತಿದ ಮೇಲೆ ನಮಗೆ ಸಿಗುವುದು ಆಡಲು ಒಂದು ಪರವಾನಗಿ, ಅಂದರೆ ಲೈಸೆನ್ಸ್. ಅದು ಒಂದು ಖಾತೆಗೆ ಅಂಟಿರುತ್ತದೆ. ಮಾರುವ ಹಾಗಿಲ್ಲ, ಕೊಡುವ ಹಾಗಿಲ್ಲ. ನಾವು ಯಾರೂ ಪೂರ್ತಿ ಓದದ ಷರತ್ತುಗಳಲ್ಲಿ ಇದೆಲ್ಲ ಬರೆದಿರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಇದು ಮೋಸವೆನ್ನಿಸಿ 2024ರಲ್ಲಿ ಒಂದು ಕಾನೂನು ತಂದಿತು. ಕೊಡುತ್ತಿರುವುದು ಬರಿಯ ಪರವಾನಗಿ ಎಂದು ಸ್ಪಷ್ಟವಾಗಿ ಹೇಳದೆ ಡಿಜಿಟಲ್ ಸರಕಿಗೆ ‘ಕೊಳ್ಳಿ’ ಎಂಬ ಮಾತು ಬಳಸುವಂತಿಲ್ಲ. 2025ರ ಜನವರಿಯಿಂದ ಅದು ಜಾರಿಯಲ್ಲಿದೆ. ಅಂದರೆ ಅಂಗಡಿಯವರು ಒಂದು ಸಣ್ಣ ಸಾಲು ಸೇರಿಸಿದರೆ ಆಯಿತು. ಗುಂಡಿ ಅದೇ, ಬೆಲೆಯೂ ಅದೇ.

“ಷರತ್ತಿಗೆ ಒಪ್ಪಿದ್ದೇನೆ ಅಂತ ನೀವೇ ಒತ್ತಿದ್ದೀರಲ್ಲ ಸಾರ್” ಎಂದು ಸಾಫ್ಟ್‌ವೇರಿನಲ್ಲಿರುವ ನಮ್ಮ ಸೋದರಳಿಯ ಹೇಳುತ್ತಾನೆ. ತಮಾಷೆಗೆ ನನ್ನನ್ನು ಸಾರ್ ಅನ್ನುತ್ತಾನೆ, ವಾದ ಮಾತ್ರ ಗಂಭೀರದ್ದು. ಅವನಿಗೆ ಒಂದು ಹಳೆಯ ಕಥೆ ಹೇಳಿದೆ. 1904ರಲ್ಲಿ ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ‘ದಿ ಕ್ಯಾಸ್ಟವೇ’ ಎಂಬ ಕಾದಂಬರಿ ತಂದಿತು. ಹಕ್ಕುಸ್ವಾಮ್ಯದ ಪುಟದಲ್ಲಿ ಒಂದು ಎಚ್ಚರಿಕೆ ಅಚ್ಚು ಹಾಕಿಸಿತ್ತು: ಇದರ ಬೆಲೆ ಒಂದು ಡಾಲರ್, ಅದಕ್ಕಿಂತ ಕಡಿಮೆಗೆ ಮಾರಲು ಯಾವ ಅಂಗಡಿಗೂ ಪರವಾನಗಿ ಇಲ್ಲ, ಮಾರಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆ. ನ್ಯೂಯಾರ್ಕಿನ ಮೇಸೀಸ್ ಅಂಗಡಿ ಅದನ್ನು 89 ಸೆಂಟಿಗೆ ಮಾರಿತು. ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಯಿತು. 1908ರಲ್ಲಿ ಬಂದ ತೀರ್ಪಿನ ಸಾರ ಇಷ್ಟು: ಪ್ರತಿಯನ್ನು ಒಮ್ಮೆ ಮಾರಿದ ಮೇಲೆ ಅದು ಮುಂದೆ ಯಾರ ಕೈಗೆ ಎಷ್ಟಕ್ಕೆ ಹೋಗುತ್ತದೆ ಎಂಬುದರ ಮೇಲೆ ಪ್ರಕಾಶಕನಿಗೆ ಹಿಡಿತವಿಲ್ಲ, ಒಳಪುಟದಲ್ಲಿ ಏನೋ ಬರೆದುಬಿಟ್ಟರೆ ಆ ಹಿಡಿತ ಬರುವುದೂ ಇಲ್ಲ. ಹಳೆಯ ಪುಸ್ತಕದ ಅಂಗಡಿಗಳೂ ಗ್ರಂಥಾಲಯಗಳೂ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ‘ಪರವಾನಗಿ’ ಎಂಬ ಆ ಮಾತನ್ನು ಪುಸ್ತಕದ ಒಳಪುಟದಿಂದ ಅಂದು ಅಳಿಸಿಹಾಕಿದರು. ನೂರು ವರ್ಷ ಕಳೆದು ಅದು ಸಾಫ್ಟ್‌ವೇರಿನ ಬಾಗಿಲಿನಿಂದ ಒಳಗೆ ಬಂತು. ಈ ಸಲ ಅದರ ಕೈಯಲ್ಲಿ ಬೀಗವೂ ಇದೆ. ಪುಸ್ತಕಕ್ಕೂ ಅದು ತಗಲಿದೆ: 2009ರಲ್ಲಿ ಅಮೆಜಾನ್, ದುಡ್ಡು ಕೊಟ್ಟು ತೆಗೆದುಕೊಂಡವರ ಕಿಂಡಲ್‌ಗಳಿಂದ ಆರ್ವೆಲ್‌ನ ಪುಸ್ತಕಗಳನ್ನು ರಾತ್ರೋರಾತ್ರಿ ಅಳಿಸಿತ್ತು. ದುಡ್ಡು ವಾಪಸ್ ಕೊಟ್ಟಿತು, ಕ್ಷಮೆಯನ್ನೂ ಕೇಳಿತು. ಆದರೆ ಮನೆಯೊಳಗಿನ ಕಪಾಟಿಗೆ ಹೊರಗಿನಿಂದ ಕೈ ಹಾಕಬಹುದು ಎಂಬುದು ಎಲ್ಲರಿಗೂ ಗೊತ್ತಾಯಿತು.

ಸಾಫ್ಟ್‌ವೇರ್ ಅಂದಮೇಲೆ ಹೀಗೇ ಇರಬೇಕೆಂದೇನೂ ಇಲ್ಲ. 1980ರ ದಶಕದಲ್ಲಿ ಟರ್ಬೊ ಪಾಸ್ಕಲ್ ಮಾರುತ್ತಿದ್ದ ಬೋರ್ಲೆಂಡ್ ಕಂಪನಿಯ ಪರವಾನಗಿ ಕೆಲವೇ ಸಾಲಿನದ್ದು. ಇದನ್ನು ಪುಸ್ತಕದಂತೆ ನೋಡಿಕೊಳ್ಳಿ, ಎಷ್ಟು ಜನ ಬೇಕಾದರೂ ಬಳಸಿ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಒಯ್ಯಿರಿ, ಒಂದೇ ಹೊತ್ತಿಗೆ ಎರಡು ಕಡೆ ಬಳಸಬೇಡಿ, ಒಂದು ಪುಸ್ತಕವನ್ನು ಇಬ್ಬರು ಎರಡು ಊರಲ್ಲಿ ಒಟ್ಟಿಗೆ ಓದಲಾಗುವುದಿಲ್ಲವಲ್ಲ, ಹಾಗೆ. ಅರ್ಥ ಇಷ್ಟೇ. ವಕೀಲರಿಲ್ಲದೆ ನಮ್ಮ ಅಜ್ಜಿಗೂ ಅರ್ಥವಾಗುವ ಷರತ್ತು. ಚೆನ್ನೆಮಣೆ ಆಡಿಸುತ್ತಿದ್ದ ಅಜ್ಜಿಗೆ ಒಂದು ಮಣೆಯಲ್ಲಿ ಎರಡು ಜೋಡಿ ಕೂರಲಾಗದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಈಗಿನ ದೊಡ್ಡ ಅಂಗಡಿಯ ಲೆಕ್ಕ ನೋಡಿ. ಸ್ಟೀಮ್ ಕಂಪ್ಯೂಟರ್ ಆಟಗಳ ಜಗತ್ತಿನ ಅತಿ ದೊಡ್ಡ ಪೇಟೆ. ಮನೆಯವರು ಆಟ ಹಂಚಿಕೊಳ್ಳಲೆಂದು ಅದು 2014ರಲ್ಲಿ ಒಂದು ಏರ್ಪಾಡು ಮಾಡಿತು. ಅದರಲ್ಲಿ ಅಣ್ಣನ ನೂರು ಆಟಗಳಲ್ಲಿ ತಂಗಿ ಒಂದನ್ನು ಆಡುತ್ತಿರುವಾಗ ಅಣ್ಣ ಬೇರೆ ಯಾವುದೇ ಆಟ ತೆರೆದರೂ ತಂಗಿಗೆ ಕೆಲವು ನಿಮಿಷದ ಗಡುವು: ಬಿಟ್ಟು ಹೋಗು, ಇಲ್ಲವೇ ನೀನೇ ಒಂದು ಪ್ರತಿ ಕೊಂಡುಕೋ. ಒಂದು ಪುಸ್ತಕ ತೆಗೆದರೆ ಇಡೀ ಕಪಾಟಿಗೆ ಬೀಗ. ಹತ್ತು ವರ್ಷ ಜನ ಇದನ್ನು ಸಹಿಸಿಕೊಂಡರು. 2024ರಲ್ಲಿ ಇದನ್ನು ಸಡಿಲಿಸಿ ‘ಸ್ಟೀಮ್ ಫ್ಯಾಮಿಲೀಸ್’ ತಂದರು. ಈಗ ಆರು ಜನರ ಕುಟುಂಬ ಒಂದೇ ಹೊತ್ತಿಗೆ ಬೇರೆ ಬೇರೆ ಆಟ ಆಡಬಹುದು; ಒಂದೇ ಆಟವನ್ನು ಇಬ್ಬರು ಆಡಬೇಕಾದರೆ ಎರಡು ಪ್ರತಿ ಬೇಕು. ಮೊದಲಿಗಿಂತ ಒಳ್ಳೆಯದು, ಒಪ್ಪುತ್ತೇನೆ. ನನ್ನ ಸೋದರಳಿಯ ಇಲ್ಲಿಗೆ ವಾದ ಮುಗಿಯಿತು ಎಂದುಕೊಂಡಿದ್ದ.

ನನಗೆ ಮಾತ್ರ ಇಲ್ಲಿಂದಲೇ ಶುರು. ಕುಟುಂಬ ಎಂದರೆ ಯಾರು? ಅಂಗಡಿ ಹೇಳುತ್ತದೆ: ಒಂದೇ ಮನೆಯಲ್ಲಿ ಇರುವ ಹತ್ತಿರದವರು, ಆರು ಜನರವರೆಗೆ. ನಮ್ಮ ಮನೆಯನ್ನೇ ಲೆಕ್ಕ ಹಾಕಿದೆ. ನಾವು ನಾಲ್ವರು. ತಮ್ಮ ಮೇಲಿನ ಮಹಡಿಯಲ್ಲಿದ್ದಾನೆ, ಅಡುಗೆ ಬೇರೆ, ಹಬ್ಬ ಒಟ್ಟಿಗೆ. ಅವನಿಗೆ ಇಬ್ಬರು ಮಕ್ಕಳು. ಅಕ್ಕನ ಮಗ ಡಿಗ್ರಿ ಓದಲು ಬಂದು ಮೂರು ವರ್ಷದಿಂದ ನಮ್ಮಲ್ಲೇ ಇದ್ದಾನೆ. ಇದು ಒಂದು ಮನೆಯೋ ಎರಡೋ? ರೇಷನ್ ಕಾರ್ಡಿನ ಪ್ರಕಾರ ಒಂದು ಉತ್ತರ, ಕರೆಂಟ್ ಬಿಲ್ಲಿನ ಪ್ರಕಾರ ಇನ್ನೊಂದು, ನಮ್ಮಮ್ಮನ ಪ್ರಕಾರ ಬೇರೆಯೇ. ಆ ಮೂರಕ್ಕೂ ನಾವು ಹೇಗೋ ಹೊಂದಿಕೊಂಡಿದ್ದೇವೆ, ಈಗ ಇದು ನಾಲ್ಕನೆಯದು. ಈ ಕುಟುಂಬ ಬಿಟ್ಟು ಹೋದವರು ಇನ್ನೊಂದನ್ನು ಸೇರಬೇಕಾದರೆ ಮೊದಲನೆಯದಕ್ಕೆ ಸೇರಿ ಒಂದು ವರ್ಷ ಆಗಿರಬೇಕು. ಅವರ ಜಾಗಕ್ಕೆ ಬೇರೆಯವರನ್ನು ಕರೆಯಲೂ ಹಾಗೆಯೇ ಕಾಯಬೇಕು. ಮನೆಗೆ ಸೊಸೆ ಬಂದರೆ, ಮಗಳು ಹಾಸ್ಟೆಲಿಗೆ ಹೋದರೆ, ಗಂಡಹೆಂಡಿರು ದೂರವಾದರೆ ಸಂಸಾರ ವರ್ಷಗಟ್ಟಲೆ ಕಾಯುವುದಿಲ್ಲ. ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು: ನಿಮ್ಮ ಪ್ರತಿಯಲ್ಲಿ ಆಡುತ್ತ ಮನೆಯವರಲ್ಲಿ ಯಾರಾದರೂ ಮೋಸದಾಟ ಆಡಿ ಸಿಕ್ಕಿಬಿದ್ದರೆ, ಆ ಆಟದಿಂದ ಅವರ ಜೊತೆ ನಿಮಗೂ ನಿಷೇಧ. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಕೇಳಿದ್ದೆವು. ಇಲ್ಲಿ ತಮ್ಮ ಮಾಡಿದ್ದನ್ನು ಅಕ್ಕನೂ ಉಣ್ಣಬೇಕು. ಹಕ್ಕು ಕೊಡುವಾಗ ಒಬ್ಬೊಬ್ಬರಿಗೆ ಒಂದೊಂದು ಖಾತೆ, ಶಿಕ್ಷೆಗೆ ಮಾತ್ರ ಅವಿಭಕ್ತ ಕುಟುಂಬ!

“ಹಾಗಾದರೆ ಆಟ ಮಾಡಿದವರು ಬದುಕುವುದು ಹೇಗೆ?” ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬರೆದು ಬದುಕುವುದು ಎಷ್ಟು ಕಷ್ಟ ಎಂದು ಕನ್ನಡದಲ್ಲಿ ಬರೆಯುವವರಿಗೆ ಯಾರೂ ಪಾಠ ಹೇಳಬೇಕಿಲ್ಲ. ನಾಲ್ಕೈದು ಜನ ಸೇರಿ ವರ್ಷಗಟ್ಟಲೆ ಕೂತು ಮಾಡಿದ ಆಟವನ್ನು ಕದ್ದು ಹಂಚುವುದು ತಪ್ಪೇ. ಪುಸ್ತಕದ ಹೋಲಿಕೆಗೂ ಒಂದು ಮಿತಿ ಇದೆ: ಪುಸ್ತಕ ಸವೆಯುತ್ತದೆ, ಒಂದೇ ಕಡೆ ಇರುತ್ತದೆ, ಆಟದ ನಕಲು ಕ್ಷಣದಲ್ಲಿ ಆಗುತ್ತದೆ, ಮೂಲಕ್ಕೂ ನಕಲಿಗೂ ಭೇದವಿಲ್ಲ. ಬೀಗ ಬೇಕು ಅನ್ನುವವರ ಬಲವಾದ ವಾದ ಇದು. ಆದರೂ ನಮ್ಮಲ್ಲಿ ಒಂದು ‘ಸುಧಾ’, ಒಂದು ‘ತರಂಗ’ ಇಡೀ ವಠಾರ ಸುತ್ತಿ, ಮುಖಪುಟ ಹರಿದು ಮನೆಗೆ ಬರುತ್ತಿದ್ದ ಕಾಲದಲ್ಲೂ, ಮನೆಯಲ್ಲಿ ಐದು ಜನ ಓದುತ್ತೀರಿ, ಐದು ಪ್ರತಿ ತರಿಸಿ ಎಂದು ಯಾವ ಸಂಪಾದಕರೂ ಕೇಳಲಿಲ್ಲ. ಹಾಗೆ ಓದಿದ ಮಕ್ಕಳೇ ಮುಂದೆ ಚಂದಾದಾರರಾದರು. ನಾನೂ ಅವರಲ್ಲಿ ಒಬ್ಬ.

ಬೀಗ ಗಟ್ಟಿ ಮಾಡಿದರೆ ಕಳ್ಳತನ ನಿಲ್ಲುತ್ತದೆಯೇ? 2008ರ ‘ಸ್ಪೋರ್’ ಆಟದ ಕಥೆ ಕೇಳಿ. ದುಡ್ಡು ಕೊಟ್ಟು ಕೊಂಡವರು ಮೂರು ಬಾರಿ ಮಾತ್ರ ಅದನ್ನು ಸಕ್ರಿಯಗೊಳಿಸಬಹುದಿತ್ತು. ಒಂದು ಪ್ರತಿಗೆ ಒಂದೇ ಆನ್‌ಲೈನ್ ಖಾತೆ. ಮನೆಯ ಇಬ್ಬರು ಮಕ್ಕಳಿಗೆ ಎರಡು ಖಾತೆ ಇಲ್ಲ. ಜನ ಅಮೆಜಾನ್ ಪುಟದಲ್ಲಿ ಸಾಲುಗಟ್ಟಿ ಒಂದೊಂದೇ ನಕ್ಷತ್ರ ಕೊಟ್ಟರು. ಪ್ರಕಾಶಕರಾದ ಎಲೆಕ್ಟ್ರಾನಿಕ್ ಆರ್ಟ್ಸ್‌ನವರು ಮೂರನ್ನು ಐದಕ್ಕೆ ಏರಿಸಬೇಕಾಯಿತು. ಆ ವರ್ಷ ಟೊರೆಂಟ್‌ಗಳಲ್ಲಿ ಕದ್ದು ಇಳಿಸಿಕೊಂಡ ಆಟಗಳ ಪಟ್ಟಿಯಲ್ಲಿ ಮೊದಲು ನಿಂತದ್ದೂ ಸ್ಪೋರ್‌. ಕದ್ದವನ ಪ್ರತಿಯಲ್ಲಿ ಬೀಗವೇ ಇರಲಿಲ್ಲ. ಅವನು ಹತ್ತು ಕಂಪ್ಯೂಟರ್‌ನಲ್ಲಿ ಬೇಕಾದರೂ ಹಾಕಿಕೊಂಡ. ದುಡ್ಡು ಕೊಟ್ಟವನು ಸಹಾಯವಾಣಿಗೆ ಫೋನ್ ಮಾಡಬೇಕಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಗೆ ಇಷ್ಟು ಚೊಕ್ಕ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಮನೆಯವರು ಒಟ್ಟಿಗೆ ಆಡಲು ಬಾಗಿಲು ತೆರೆದಿಟ್ಟವರೂ ಇದ್ದಾರೆ. 1998ರ ‘ಸ್ಟಾರ್‌ಕ್ರಾಫ್ಟ್‌’ನಲ್ಲಿ ‘ಸ್ಪಾನ್’ ಎಂಬ ಏರ್ಪಾಡಿತ್ತು. ಒಬ್ಬರ ಒಂದೇ ಸಿ.ಡಿ.ಯಿಂದ ಅಕ್ಕಪಕ್ಕದ ಕಂಪ್ಯೂಟರ್‌ಗಳಲ್ಲಿ ಒಂದು ಮೊಟಕು ಪ್ರತಿ ಹಾಕಿಕೊಂಡು, ಕೊಂಡವನ ಜೊತೆ ಎಲ್ಲರೂ ಆಡಬಹುದಿತ್ತು. ಒಂಟಿಯಾಗಿ ಆಡಬೇಕಾದರೆ ಪೂರ್ತಿ ಆಟ ಕೊಳ್ಳಬೇಕು. ಎಷ್ಟು ನ್ಯಾಯವಾದ ಗೆರೆ! ಆ ಆಟ ಸೋಲಲಿಲ್ಲ, ಕೊರಿಯಾದಲ್ಲಂತೂ ರಾಷ್ಟ್ರೀಯ ಕ್ರೀಡೆಯಂತಾಯಿತು. 2010ರಲ್ಲಿ ಎರಡನೆಯ ‘ಸ್ಟಾರ್‌ಕ್ರಾಫ್ಟ್’ ಬಂದಾಗ ಮನೆಯೊಳಗಿನ ತಂತಿಯಲ್ಲೇ ಕಂಪ್ಯೂಟರ್‌ಗಳನ್ನು ಜೋಡಿಸಿ ಆಡುವ ದಾರಿಯನ್ನೇ ಮುಚ್ಚಿದರು. ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತವರೂ ಕಂಪನಿಯ ಸರ್ವರ್‌ಗೆ ಹೋಗಿ ಭೇಟಿಯಾಗಬೇಕು. ಇನ್ನೂ ಈಚಿನ ಉದಾಹರಣೆ ಬೇಕೆಂದರೆ 2021ರ ‘ಇಟ್ ಟೇಕ್ಸ್ ಟೂ’. ಇಬ್ಬರೇ ಆಡುವ ಆಟ. ಒಬ್ಬರು ಕೊಂಡರೆ ಇನ್ನೊಬ್ಬರು ತಮ್ಮ ಕಂಪ್ಯೂಟರ್‌ನಲ್ಲಿ ಬಿಟ್ಟಿಯಾಗಿ ಜೊತೆ ಸೇರಬಹುದು. ಅದು ಆ ವರ್ಷದ ದೊಡ್ಡ ಪ್ರಶಸ್ತಿ ಗೆದ್ದಿತು, ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಪ್ರಕಾಶಕರು ಯಾರು ಗೊತ್ತೇ? ಸ್ಪೋರ್‌ ಪ್ರಕಟಿಸಿದ ಅದೇ ಎಲೆಕ್ಟ್ರಾನಿಕ್ ಆರ್ಟ್ಸ್. ಅಲ್ಲಿಗೆ ಬೀಗವಿಲ್ಲದಿದ್ದರೆ ಹೊಟ್ಟೆಗಿಲ್ಲ ಎಂಬ ಮಾತಿಗೆ ಎಷ್ಟು ತೂಕ ಉಳಿಯಿತು?

ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ‘ಕಾನೂನುಬದ್ಧವಾಗಿ ಹೊಂದಿರುವವರ’ ಬಗ್ಗೆ ಮಾತಾಡುತ್ತದೆ. ಅದನ್ನು ಕೊಟ್ಟ ಉದ್ದೇಶಕ್ಕೆ ಬಳಸಲು, ಕಳೆದುಹೋದೀತೆಂಬ ಭಯಕ್ಕೆ ಒಂದು ಕಾಪು ಪ್ರತಿ ಮಾಡಿಕೊಳ್ಳಲು ಅವರಿಗೆ ಬಿಡುತ್ತದೆ. ಹೊಂದಿರುವವರು! ಒಳ್ಳೆಯ ಮಾತು. ಆದರೆ ಆಟದ ಕಡತ ನನ್ನ ಕಂಪ್ಯೂಟರಿನಲ್ಲಿದ್ದು, ಅದರ ಬೀಗದ ಕೈ ಸಮುದ್ರದಾಚೆ ಇದ್ದರೆ ನಾನು ಏನನ್ನು ಹೊಂದಿದ ಹಾಗಾಯಿತು?

ನನ್ನ ಬೇಡಿಕೆ ದೊಡ್ಡದೇನಲ್ಲ. ಒಂದು ಪ್ರತಿ ಕೊಂಡರೆ ಒಂದು ಹೊತ್ತಿಗೆ ಒಬ್ಬರು, ಯಾವ ಕಂಪ್ಯೂಟರ್‌ನಲ್ಲಾದರೂ, ಯಾರ ಅಪ್ಪಣೆಯೂ ಇಲ್ಲದೆ ಆಡುವಂತಿರಬೇಕು. ಹತ್ತು ಆಟಕ್ಕೆ ದುಡ್ಡು ಕೊಟ್ಟಿದ್ದರೆ ಹತ್ತು ಜನ ಹತ್ತನ್ನು ಒಟ್ಟಿಗೆ ಆಡುವಂತಿರಬೇಕು. ಅವರು ನನಗೆ ಏನಾಗಬೇಕು ಎಂದು ಅಂಗಡಿ ಕೇಳಬಾರದು. ಒಂದೇ ಆಟವನ್ನು ಇಬ್ಬರು ಜೊತೆಯಾಗಿ ಆಡಲು ಸ್ಪಾನ್‌ನಂಥ ದಾರಿ ಇರಲಿ ಎಂದು ನಾನು ಕೇಳಿಕೊಳ್ಳುತ್ತೇನಷ್ಟೆ, ಹಕ್ಕೆಂದು ಹಟ ಹಿಡಿಯುವುದಿಲ್ಲ. ಇದು ಆಗದ ಕೆಲಸವೂ ಅಲ್ಲ. 2008ರಿಂದ ನಡೆಯುತ್ತಿರುವ ಪೋಲೆಂಡಿನ ಜಿಒಜಿ ಅಂಗಡಿ ಬೀಗವಿಲ್ಲದ ಆಟಗಳನ್ನೇ ಮಾರಿಕೊಂಡು ಬಂದಿದೆ. ಇಳಿಸಿಕೊಂಡ ಕಡತವನ್ನು ಪೆನ್‌ಡ್ರೈವಿನಲ್ಲಿ ಹಾಕಿ ಡ್ರಾಯರಿನಲ್ಲಿಟ್ಟರೆ, ಇಂಟರ್‌ನೆಟ್ ಇರಲಿ ಬಿಡಲಿ, ಅದು ನಿಮ್ಮದು.

ನನ್ನ ಕಾಲೇಜು ದಿನಗಳಲ್ಲಿ ಪೇಟೆಯಲ್ಲಿ ಐವತ್ತು ರೂಪಾಯಿಗೆ ಕಳ್ಳ ಸಿ.ಡಿ. ಸಿಗುತ್ತಿತ್ತು. ಹಾಸ್ಟೆಲಿನ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಸಿ.ಡಿ., ಯಾರಿಗೂ ಅಳುಕಿರಲಿಲ್ಲ. ನನ್ನ ಮಕ್ಕಳಿಗೆ ಮಾತ್ರ ಕದಿಯಬೇಡಿ, ದುಡ್ಡು ಕೂಡಿಟ್ಟು ಕೊಳ್ಳಿ ಎಂದು ಹೇಳಿ ಬೆಳೆಸಿದ್ದೇನೆ. ಅವರು ಹಾಗೆಯೇ ಮಾಡುತ್ತಿದ್ದಾರೆ. ಮೊನ್ನೆ ಮಗನ ಗೆಳೆಯ ಬಂದಿದ್ದ. ಅವನ ಮನೆಯಲ್ಲಿ ಅದೇ ಆಟ ಮೂರು ಕಂಪ್ಯೂಟರ್‌ನಲ್ಲಿದೆಯಂತೆ, ಯಾವತ್ತೂ ನಿಂತಿಲ್ಲವಂತೆ. ಎಲ್ಲಿ ಕೊಂಡಿರಿ ಎಂದು ಕೇಳಿದೆ. ಹುಡುಗ ನಕ್ಕು, “ಅಂಕಲ್, ಕೊಂಡಿದ್ದಲ್ಲ” ಅಂದ. ಮಗ ನನ್ನ ಮುಖ ನೋಡಿದ.

ಜೂನ್‌ನಲ್ಲಿ ಮಗಳು ಮೈಸೂರಿನ ಹಾಸ್ಟೆಲಿಗೆ ಹೊರಡುತ್ತಾಳೆ. ಕಪಾಟಿನಿಂದ ಒಯ್ಯಬೇಕಾದ ಪುಸ್ತಕಗಳನ್ನು ಈಗಲೇ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿಟ್ಟಿದ್ದಾಳೆ. ಅದರಲ್ಲಿ ನನ್ನವೂ ನಾಲ್ಕಿವೆ, ಕೇಳಲೇ ಇಲ್ಲ. ಆಟದ ಖಾತೆ ಯಾರ ಹತ್ತಿರ ಇರಬೇಕೆಂಬುದು ಅಕ್ಕತಮ್ಮಂದಿರ ನಡುವೆ ಇನ್ನೂ ತೀರ್ಮಾನವಾಗಿಲ್ಲ.